ಟೇಪಕ್ಕ ಆರಿಸಿದ ದೋಣಿ

ಮಾತು ಕೊಟ್ಟು ಸಿಕ್ಕಿಹಾಕಿಕೊಳ್ಳುವ ಜಾಯಮಾನ ಟೇಪಕ್ಕನದಲ್ಲ. ಮನೆಯಲ್ಲಾಗಲಿ ಅಂಗಡಿಯಲ್ಲಾಗಲಿ ಯಾರಿಗೆ ಏನು ಬೇಕೆಂದು ಅವರು ಬಾಯಿ ಬಿಡುವ ಮೊದಲೇ ತೀರ್ಮಾನಿಸಿ, ತಂದು ಕೈಗಿಡುವವಳು ಅವಳು. ಅಂಥವಳು ತಂಗಿಗೆ ಅರವತ್ತು ತುಂಬಿದ ದಿನ ಏನು ಗ್ರಹಚಾರವೋ, ಗುಂಡಿ ಹಾಕುವ ಹೆಂಗಸು, ಇಸ್ತ್ರಿಯವನು, ಅಳತೆ ಕೊಡಿಸಲು ಬಂದಿದ್ದ ಇಬ್ಬರು ತಾಯಂದಿರು, ಇಷ್ಟೂ ಜನರ ಎದುರಿಗೆ, "ಈ ಸಲ ನೀನೇ ಕೇಳು, ಏನು ಕೇಳಿದ್ರೂ ಕೊಡಿಸ್ತೀನಿ" ಎಂದುಬಿಟ್ಟಳು. ಅವಳ ಮನಸ್ಸಿನಲ್ಲಿದ್ದದ್ದು ಹೊಸ ಹೊಲಿಗೆ ಯಂತ್ರ. ಅದರ ಬಣ್ಣವನ್ನೂ ಆಗಲೇ ಆರಿಸಿಟ್ಟಿದ್ದಳು.

ತಂಗಿ ಕತ್ತರಿ ಕೆಳಗಿಟ್ಟಳು. ಕನ್ನಡಕ ತೆಗೆದು ಬಟ್ಟೆಯ ಚೂರಿನಿಂದ ಒರೆಸಿದಳು. ಆಮೇಲೆ, ಬಂಡೆಗಳ ನಡುವೆ ಉಕ್ಕಿ ಹರಿಯುವ ನದಿಯಲ್ಲಿ ರಬ್ಬರ್ ದೋಣಿ ಹಾಕಿಕೊಂಡು ಹೋಗುತ್ತಾರಲ್ಲ, ಆ ರಾಫ್ಟಿಂಗಿಗೆ ಹೋಗಬೇಕು, ಅಕ್ಕನೂ ಜೊತೆಗೆ ಬರಬೇಕು ಎಂದಳು. ಇಸ್ತ್ರಿಯವನು ನಗು ತಡೆಯಲಾರದೆ ಕೆಮ್ಮಿದ. ಟೇಪಕ್ಕ ಅವನನ್ನು ನೋಡಿದ ನೋಟಕ್ಕೆ ಕೆಮ್ಮು ಅಲ್ಲೇ ವಾಸಿಯಾಯಿತು.

ಅಂಗಡಿ ಶಾಲಾ ಸಮವಸ್ತ್ರದ್ದು. ಮುಂದಿನ ಕೋಣೆಯಲ್ಲಿ ಅಳತೆ, ಒಳಕೋಣೆಯಲ್ಲಿ ಕತ್ತರಿಸುವ ಉದ್ದನೆ ಮೇಜು ಮತ್ತು ನಾಲ್ಕು ಯಂತ್ರ, ಮಹಡಿಯ ಮೇಲೆ ಅಕ್ಕತಂಗಿಯರ ವಾಸ. ಇಬ್ಬರೂ ಮದುವೆಯ ಗೋಜಿಗೆ ಹೋದವರಲ್ಲ. ನಲವತ್ತು ವರ್ಷಗಳಿಂದ ಅಕ್ಕ ಮುಂದೆ ನಿಂತು ಅಳತೆ ಕೂಗುವುದು, ತಂಗಿ ಒಳಗೆ ಅದರಂತೆ ಕತ್ತರಿಸುವುದು. ಅಕ್ಕನ ಕೊರಳಿಂದ ಟೇಪು ಇಳಿದದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಟೇಪಕ್ಕ ಎಂಬ ಹೆಸರು. ಬೆಳೆಯುವ ಮಕ್ಕಳು, ಶಾಲೆ ಶುರುವಾಗುವಾಗ ಹೊಲಿದದ್ದು ವರ್ಷದ ಕೊನೆಯ ಪರೀಕ್ಷೆವರೆಗೂ ಮೈಗೆ ಆಗಬೇಕು. ಹಾಗಾಗಿ ಟೇಪು ಇಪ್ಪತ್ತಮೂರು ತೋರಿಸಿದರೆ ಅವಳ ಬಾಯಿ ಇಪ್ಪತ್ತನಾಲ್ಕು ಎನ್ನುತ್ತಿತ್ತು. ಒಂದು ಹೆಚ್ಚಿಗೆ ಹಾಕಿ ಹೇಳುವುದು ಅವಳ ರಕ್ತಕ್ಕಿಳಿದಿತ್ತು. ತಂಗಿಯೋ, ಕಿವಿಗೆ ಬಿದ್ದಷ್ಟನ್ನೇ ಕತ್ತರಿಸುವವಳು. ಕೂದಲೆಳೆಯಷ್ಟೂ ಆಚೀಚೆ ಆಗುತ್ತಿರಲಿಲ್ಲ.

ತಂಗಿಗೆ ಈಜು ಚೆನ್ನಾಗಿ ಬರುತ್ತಿತ್ತು. ಭಾನುವಾರ ಬೆಳಗ್ಗೆ ಪುರಸಭೆಯ ಕೊಳಕ್ಕೆ ಹೋಗುವುದೊಂದೇ ಅವಳ ಚಟ. ಟೇಪಕ್ಕನಿಗೆ ಬಕೆಟ್ಟಿನ ನೀರು ಬಿಟ್ಟರೆ ಬೇರೆ ನೀರಿನ ಗುರುತು ಪರಿಚಯ ಇರಲಿಲ್ಲ. ಈ ಲೋಕದಲ್ಲಿ ಅವಳಿಗೆಂದು ಇದ್ದದ್ದು ಒಬ್ಬಳು ತಂಗಿ, ಅವಳನ್ನೂ ಬಂಡೆಗೆ ಬಡಿಯಲು ಬಿಡುವುದೇ? ಆದರೆ ಕೊಟ್ಟ ಮಾತು ನುಂಗುವ ಹಾಗಿರಲಿಲ್ಲ, ಸಾಕ್ಷಿಗಳು ನಾಲ್ಕು ಜನ ಇದ್ದರು. ಒಂದು ವಾರ ತಲೆ ಕೆರೆದುಕೊಂಡು ಒಂದು ಉಪಾಯ ತೆಗೆದಳು. ಹೋಗೋಣ, ಆದರೆ ಯಾವ ಕಂಪನಿಯ ದೋಣಿ ಎಂದು ಆರಿಸುವುದು ನಾನು ಎಂದಳು. ತಂಗಿ ಎಂದಿನಂತೆ ಹ್ಞೂಂ ಎಂದಳು. ಇರುವುದರಲ್ಲೇ ಸಪ್ಪೆ ನೀರಿನ, ಕೂಸುಗಳನ್ನೂ ಕೂರಿಸುವಂಥ ದೋಣಿ ಹುಡುಕಿ ಶಾಸ್ತ್ರ ಮುಗಿಸುವುದು ಟೇಪಕ್ಕನ ಒಳಗಿನ ಲೆಕ್ಕಾಚಾರ.

ನದಿಯ ಊರು ಅರ್ಧ ದಿನದ ಬಸ್ಸು ದಾರಿ. ಇಳಿಯುತ್ತಲೇ ಸೆಕೆ ಮುಖಕ್ಕೆ ಒದ್ದೆ ಬಟ್ಟೆ ಒತ್ತಿದಂತೆ ಬಂತು. ಗೋಡೆಗಳ ಮೇಲೆಲ್ಲ ಛತ್ರಿಯಗಲದ ಎಲೆಗಳು, ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸುರಿದು ನಿಲ್ಲುವ ಮಳೆ. ನದಿ ಕಾಣುವ ಮೊದಲೇ ಅದರ ಸದ್ದು ಕೇಳುತ್ತಿತ್ತು. ಒಂದೇ ಬೀದಿಯಲ್ಲಿ ಸಾಲಾಗಿ ರಾಫ್ಟಿಂಗ್ ಕಚೇರಿಗಳು. ಟೇಪಕ್ಕ ಟೇಪು ಸರಿಮಾಡಿಕೊಂಡು ಮೊದಲನೆಯದಕ್ಕೆ ನುಗ್ಗಿದಳು.

ಅಲ್ಲಿ ಏಸಿ ಇತ್ತು, ಮೆತ್ತನೆ ಕುರ್ಚಿ ಇತ್ತು, ಗೋಡೆ ತುಂಬ ಹಲ್ಲು ಕಿರಿಯುವವರ ಫೋಟೋಗಳಿದ್ದವು. ಮೇಜಿನ ಹಿಂದಿನವನು ಕೇಳಿದ್ದಕ್ಕೆಲ್ಲ ಏನೂ ತೊಂದರೆ ಇಲ್ಲಮ್ಮಾ ಎಂದ. ಕಲ್ಲಿದೆಯೇ ಎಂದರೆ ತೊಂದರೆ ಇಲ್ಲ, ಸುಳಿ ಇದೆಯೇ ಎಂದರೆ ತೊಂದರೆ ಇಲ್ಲ. ನನಗೆ ಎಂಬತ್ತೈದು ವರ್ಷ ಎಂದು ಟೇಪಕ್ಕ ಬೇಕಂತಲೇ ಬಿಟ್ಟ ಬುರುಡೆಗೂ ತೊಂದರೆ ಇಲ್ಲ ಎಂದ. ಅವಳು ಮೂಲೆಯಲ್ಲಿ ತೂಗುಹಾಕಿದ್ದ ಲೈಫ್ ಜಾಕೆಟ್ ಒಂದನ್ನು ಎಳೆದು, ಭುಜದ ಪಟ್ಟಿಯ ಹೊಲಿಗೆಗೆ ಉಗುರು ಹಾಕಿದಳು. ಬಿಸಿಲಿಗೆ ಸತ್ತ ದಾರ ಪುಡಿಪುಡಿಯಾಗಿ ಉದುರಿತು. ಮುಂದಿನ ಮಾತು ಬೇಕಾಗಲಿಲ್ಲ.

ಎರಡನೆಯ ಕಚೇರಿ ಅವಳು ಹುಡುಕುತ್ತಿದ್ದದ್ದೇ. ಊರ ಕೆಳಗೆ ನದಿ ಅಗಲವಾಗಿ ತೂಕಡಿಸುವ ಕಡೆ ಒಂದು ಗಂಟೆ ತೇಲಿಸಿ, ನೆರಳು ಕೊಟ್ಟು, ಹಣ್ಣಿನ ರಸ ಕುಡಿಸಿ ಕಳಿಸುತ್ತಿದ್ದರು. ಟೇಪಕ್ಕನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ತಂಗಿ ಗೋಡೆಯ ನಕ್ಷೆಯ ಮೇಲೆ, ಊರಿನ ಮೇಲ್ಗಡೆ ನದಿ ಕಿರಿದಾಗಿ ಬಿಳಿ ಗೀಟುಗಳಾಗಿದ್ದ ಜಾಗದಲ್ಲಿ ಬೆರಳಿಟ್ಟು ನಿಂತಿದ್ದಳು. ಟೇಪಕ್ಕ ಅದನ್ನು ನೋಡಿಯೂ ನೋಡದವಳಂತೆ ಸಹಿ ಹಾಕಲು ಪೆನ್ನು ಎತ್ತಿದಳು. ಆದರೆ ಕಸುಬು ಬಿಡುತ್ತದೆಯೇ? ಇನ್ನೊಂದು ಕೈ ತಾನಾಗಿಯೇ ಜಾಕೆಟ್ಟಿನ ಬಕಲ್ ಹತ್ತಿರ ಹೋಯಿತು. ಬಕಲ್ಲಿಗೆ ಹೊಲಿಗೆಯೇ ಇರಲಿಲ್ಲ, ಪಿನ್ನು ಚುಚ್ಚಿದ್ದರು. ಪೆನ್ನು ಮೇಜಿಗೆ ವಾಪಸ್ಸಾಯಿತು.

ಮೂರನೆಯದು ಕಚೇರಿಯೇ ಅಲ್ಲ, ಬಾಗಿಲಿಲ್ಲದ ಒಂದು ಶೆಡ್ಡು. ಮೊಳಕೈ ತುಂಬ ಹಳೆಯ ಗಾಯದ ಗುರುತಿದ್ದ ನಡುವಯಸ್ಸಿನ ಹೆಂಗಸೊಬ್ಬಳು ಸ್ಟೂಲಿನ ಮೇಲೆ ಕೂತು ಲೈಫ್ ಜಾಕೆಟ್ ಒಂದಕ್ಕೆ ಸೂಜಿ ಹಾಕುತ್ತಿದ್ದಳು. ಅವಳೇ ಗೈಡು, ಅವಳೇ ಮಾಲೀಕಳು. ಟೇಪಕ್ಕ ಕೇಳದೆಯೇ ಅದನ್ನು ಅವಳ ಕೈಯಿಂದ ಇಸಿದುಕೊಂಡಳು. ಎರಡೆಳೆ ದಾರ, ಒತ್ತೊತ್ತಾದ ಹೊಲಿಗೆ, ಭಾರ ಬೀಳುವ ಕಡೆ ಅಡ್ಡಡ್ಡ ಹನ್ನೆರಡು ಸುತ್ತು. ತನ್ನ ಅಂಗಡಿಯಲ್ಲಿ ಇಂಥ ಕೈ ಇದ್ದಿದ್ದರೆ ಎಂದು ಒಂದು ಕ್ಷಣ ಹೊಟ್ಟೆಕಿಚ್ಚೂ ಆಯಿತು.

ಈ ಗೈಡಮ್ಮ ಉತ್ತರ ಕೊಡುವುದಕ್ಕಿಂತ ಪ್ರಶ್ನೆ ಕೇಳಿದ್ದೇ ಜಾಸ್ತಿ. ಮಂಡಿ ಹೇಗಿದೆ, ಏನು ಮಾತ್ರೆ ತಗೊಳ್ತೀರಿ, ಈಜು ಬರತ್ತಾ, ಕನ್ನಡಕ ಇಲ್ಲದೆ ಎಷ್ಟು ದೂರ ಕಾಣತ್ತೆ. ತೊಂದರೆ ಇಲ್ಲ ಎಂದು ಒಂದು ಸಲವೂ ಹೇಳಲಿಲ್ಲ. ದೋಣಿ ಮಗುಚಬಹುದು, ನೀರು ಕುಡೀಬೇಕಾಗಬಹುದು, ಮೊದಲು ನೀರು ನಿಂತ ಮಡುವಿನಲ್ಲಿ ನೀವಿಬ್ಬರೂ ಹುಟ್ಟು ಹಾಕೋದು ನೋಡಿ ಆಮೇಲೆ ಹೇಳ್ತೀನಿ ಎಂದಳು. ಎದುರಾಡುವವರನ್ನು ಕಂಡರೆ ಉರಿದು ಬೀಳುವ ಟೇಪಕ್ಕನಿಗೆ ಇವಳು ಮಾತ್ರ ಹಿಡಿಸಿದಳು. ತನ್ನ ಉಪಾಯವನ್ನು ತಾನೇ ಗಾಳಿಗೆ ತೂರಿ, "ಇವರೇ ಸರಿ" ಎಂದಳು. ತಂಗಿಯ ಮುಖ ಅರಳಿದ್ದು ಕಂಡು, ಛೆ, ಇಷ್ಟು ಸಂತೋಷಪಡಲು ಇವಳಿಗೆ ಬರುತ್ತದೆಂದು ಇಷ್ಟು ವರ್ಷ ನನಗೆ ಗೊತ್ತೇ ಇರಲಿಲ್ಲವಲ್ಲ ಎನಿಸಿತು.

ಮಧ್ಯಾಹ್ನ ಮಡುವಿನಲ್ಲಿ ಪರೀಕ್ಷೆ. ತಂಗಿ ಬಲಕ್ಕೆ, ಟೇಪಕ್ಕ ಎಡಕ್ಕೆ, ಹಿಂದೆ ಗೈಡಮ್ಮ. ನಿಯಮ ಸುಲಭದ್ದು. ಅವಳು ಎಷ್ಟು ಎಂದರೆ ಅಷ್ಟೇ ಸಲ ಹುಟ್ಟು ಹಾಕಬೇಕು. ಮುಂದಕ್ಕೆ ಎರಡು ಎಂದಳು, ದೋಣಿ ಬಲಕ್ಕೆ ತಿರುಗಿತು. ಮುಂದಕ್ಕೆ ಮೂರು ಎಂದಳು, ಮತ್ತೂ ಬಲಕ್ಕೆ ತಿರುಗಿತು. ಟೇಪಕ್ಕ ತಂಗಿಗೆ ಗದರಿದಳು, ಸರಿಯಾಗಿ ಹಾಕೇ, ಜೋರಾಗಿ ಹಾಕೇ ಎಂದು. ಐದು ನಿಮಿಷದಲ್ಲಿ ದೋಣಿ ಮಡುವಿನ ನಡುವೆ ಬುಗುರಿಯಾಗಿತ್ತು. ಗೈಡಮ್ಮ ಹುಬ್ಬು ಗಂಟಿಕ್ಕಿ ಟೇಪಕ್ಕನ ಕೈಯನ್ನೇ ನೋಡತೊಡಗಿದಳು. ಎರಡು ಎಂದರೆ ಆ ಕೈ ಮೂರು ಹಾಕುತ್ತಿತ್ತು, ಮೂರು ಎಂದರೆ ನಾಲ್ಕು.

ತಂಗಿಗೆ ಆಗಲೇ ಗೊತ್ತಾಗಿತ್ತು. ನಗುತ್ತ ನಗುತ್ತ ದೋಣಿಯ ಅಂಚಿಗೆ ಒರಗಿಬಿಟ್ಟಳು. ಅಳತೆಯ ಕಥೆಯನ್ನು ಗೈಡಮ್ಮನಿಗೆ ಬಿಡಿಸಿ ಹೇಳಿದವಳೂ ಅವಳೇ. ಗೈಡಮ್ಮನೂ ನಕ್ಕಳು. ಟೇಪಕ್ಕ ನಾಲಿಗೆ ಕಚ್ಚಿಕೊಂಡು, ಈಗ ನೋಡಿ ಎಂದು ಇನ್ನೊಂದು ಸಲ ಹುಟ್ಟು ಹಿಡಿದಳು. ಎರಡಕ್ಕೆ ಮೂರೇ ಬಿತ್ತು. ನಲವತ್ತು ವರ್ಷದ ಕೈ ಒಂದು ಮಧ್ಯಾಹ್ನಕ್ಕೆ ಬಗ್ಗಲಿಲ್ಲ.

ದಡಕ್ಕೆ ಬಂದ ಮೇಲೆ ಗೈಡಮ್ಮ ನಗು ಬಿಟ್ಟು ಮಾತಾಡಿದಳು. ಮೇಲ್ಗಡೆಯ ಬಂಡೆಗಳ ನಡುವೆ ದೋಣಿಯಗಲಕ್ಕಿಂತ ಮೊಳದಷ್ಟೇ ಹೆಚ್ಚು ಜಾಗ, ಅಲ್ಲಿ ಒಂದು ಹುಟ್ಟು ಹೆಚ್ಚಾದರೆ ದೋಣಿ ಬಂಡೆಯ ಮೇಲಿರುತ್ತದೆ. ಜೊತೆಗೆ ಈ ಅಮ್ಮ ತಾವೂ ಅಪ್ಪಣೆ ಕೊಡುತ್ತಾರೆ, ದೋಣಿಯಲ್ಲಿ ಒಬ್ಬರದ್ದೇ ಮಾತು ನಡೆಯಬೇಕು. "ಚಿಕ್ಕೋರು ನಾಳೆ ನನ್ನ ದೋಣೀಲಿ ಮುಂದಿನ ಸೀಟಲ್ಲಿ ಕೂರ್ಲಿ, ಅವರಂಥ ಕೈ ನನಗೆ ವರ್ಷಕ್ಕೊಂದೂ ಸಿಗಲ್ಲ. ನಿಮ್ಮನ್ನ ಕರ್ಕೊಂಡು ಹೋಗಕ್ಕಾಗಲ್ಲ. ನೀವು ನಮ್ಮ ಇನ್ನೊಂದು ದೋಣಿ ಹತ್ತಿ, ಕೆಳಗಿನ ಸಪಾಟು ನೀರಲ್ಲಿ ಬನ್ನಿ" ಎಂದಳು.

ತಂಗಿ ಜಾಕೆಟ್ಟಿನ ಬಕಲ್ ಬಿಚ್ಚುತ್ತಾ, ಹಾಗಾದರೆ ಬೇಡ ಬಿಡಿ, ನಾನೂ ಅಕ್ಕನ ಜೊತೆ ಕೆಳಗೇ ಹೋಗುತ್ತೇನೆ ಎಂದಳು. ಮುನಿಸಿಲ್ಲ, ವ್ಯಂಗ್ಯವಿಲ್ಲ. ಅಕ್ಕ ಬಿಟ್ಟದ್ದನ್ನು ತಾನೂ ಬಿಡುವುದು ಅವಳಿಗೆ ಅಷ್ಟು ರೂಢಿಯಾಗಿತ್ತು.

ಟೇಪಕ್ಕ ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಒಂದು ತಿಂಗಳಿಂದ ಅವಳು ಬಯಸಿದ್ದು ಅದೇ, ಈಗ ತಾನಾಗಿ ಬಂದು ಮಡಿಲಿಗೆ ಬಿದ್ದಿತ್ತು. ಆದರೆ ಬಿಚ್ಚುತ್ತಿದ್ದ ಆ ಬೆರಳುಗಳನ್ನು ನೋಡುತ್ತಾ ಅವಳಿಗೆ ತಂಗಿಯ ಇಪ್ಪತ್ತನೆಯ ವರ್ಷ ನೆನಪಾಯಿತು. ಈಜಿನ ತಂಡಕ್ಕೆ ಆಯ್ಕೆಯಾಗಿದೆ, ಮೂರು ತಿಂಗಳು ಬೇರೆ ಊರಿನಲ್ಲಿ ತರಬೇತಿ ಎಂದು ಕಾಗದ ಹಿಡಿದು ಬಂದಿದ್ದಳು. ಅಪ್ಪ ತೀರಿಕೊಂಡ ವರ್ಷ ಅದು, ಅಂಗಡಿಗೆ ಕೈ ಬೇಕಿತ್ತು. ಸೂಜಿಗೆ ದಾರ ಪೋಣಿಸುತ್ತಿದ್ದ ಟೇಪಕ್ಕ ತಲೆ ಸಹ ಎತ್ತದೆ ಬೇಡ ಎಂದಿದ್ದಳು. ತಂಗಿ ಕಾಗದ ಮಡಚಿಟ್ಟು ಕತ್ತರಿ ಹಿಡಿದಳು, ಮತ್ತೆಂದೂ ಅದರ ಸುದ್ದಿ ಎತ್ತಲಿಲ್ಲ. ಆ ಬೇಡ ತಪ್ಪೆಂದು ಟೇಪಕ್ಕನಿಗೆ ಅದೇ ವಾರ ಗೊತ್ತಾಗಿತ್ತು. ಹೇಳಲು ಬಾಯಿ ಬಂದಿರಲಿಲ್ಲ, ಅಷ್ಟೆ.

ಅವಳು ಹತ್ತಿರ ಹೋಗಿ ಬಕಲ್ಲನ್ನು ತಾನೇ ಕಟಕ್ಕನೆ ಹಾಕಿದಳು. "ಹೋಗು. ನಂಗೆ ಭಯ ಆಗತ್ತೆ, ನಿಜ. ಆದ್ರೆ ಭಯ ನಂದು, ಅದನ್ನ ನಾನು ಇಟ್ಕೋತೀನಿ. ನೀನು ಹೋಗು" ಎಂದಳು.

ಮರುದಿನ ಬೆಳಗ್ಗೆ ಟೇಪಕ್ಕ ಸಪಾಟು ನೀರಿನ ದೋಣಿಯಲ್ಲಿ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರ್ ಮತ್ತು ಅವರ ಹೆಂಡತಿಯ ಜೊತೆ ತೇಲಿದಳು. ಹಕ್ಕಿ ತೋರಿಸಿದರೂ ನೋಡಲಿಲ್ಲ, ಮರ ತೋರಿಸಿದರೂ ನೋಡಲಿಲ್ಲ. ಪೋಸ್ಟ್‌ಮಾಸ್ಟರು ಪಾಪ, ಸೊಂಟನೋವಾ ಎಂದು ಕೇಳಿದರು. ಎರಡು ಹೊಳೆಗಳು ಸೇರುವ ಕಡೆ, ಮೇಲಿನ ದೋಣಿಗಳೂ ಬಂದು ನಿಲ್ಲುವ ದಡದಲ್ಲಿ ಇಳಿದು, ಒಂದು ಕಲ್ಲಿನ ಮೇಲೆ ಕೂತು, ಮೇಲ್ಗಡೆಯ ತಿರುವಿನಲ್ಲೇ ಕಣ್ಣು ನೆಟ್ಟಳು.

ಮೊದಲು ಹಳದಿ ದೋಣಿ ಬಂತು, ಆಮೇಲೆ ಕೆಂಪು. ಗೈಡಮ್ಮನ ನೀಲಿ ದೋಣಿ ತಿರುವು ದಾಟಿದಾಗ ಟೇಪಕ್ಕ ಎದ್ದು ನಿಂತಳು. ತಂಗಿ ಕೂತಿರಬೇಕಾದ ಮುಂದಿನ ಬಲಗಡೆ ಸೀಟು ಖಾಲಿ ಇತ್ತು. ಚಪ್ಪಲಿ ಹಾಕಿದ ಕಾಲಲ್ಲೇ ನೀರಿಗಿಳಿದು ಮಂಡಿವರೆಗೆ ಹೋದಳು, ಅದು ಯಾವಾಗ ಆಯಿತೆಂದು ಅವಳಿಗೇ ತಿಳಿಯಲಿಲ್ಲ. ಅಷ್ಟರಲ್ಲಿ ದೋಣಿಯ ಪಕ್ಕದ ನೊರೆಯಲ್ಲಿ ಒಂದು ಹೆಲ್ಮೆಟ್ಟು ಕಂಡಿತು. ತಂಗಿ, ಗೈಡಮ್ಮ ಹೇಳಿಕೊಟ್ಟ ಹಾಗೆಯೇ, ಅಂಗಾತ ಮಲಗಿ, ಕಾಲು ಮುಂದೆ ಚಾಚಿ, ದಿವಾನದ ಮೇಲೆ ಒರಗಿದವಳಂತೆ ಬರುತ್ತಿದ್ದಳು. ನಗುತ್ತಿದ್ದಳು. ಗೈಡಮ್ಮ ಎಸೆದ ಹಗ್ಗವನ್ನು ಒಂದೇ ಸಲಕ್ಕೆ ಹಿಡಿದಳು, ದೋಣಿಯವರೆಲ್ಲ ಕೇಕೆ ಹಾಕಿದರು. ಟೇಪಕ್ಕನ ಕಣ್ಣು ಒದ್ದೆಯಾಯಿತು. ಭಯಕ್ಕಲ್ಲ, ನನ್ನ ತಂಗಿ ಇವಳು ಎಂಬ ಹೆಮ್ಮೆಗೆ. ಪಕ್ಕದಲ್ಲಿದ್ದ ಪೋಸ್ಟ್‌ಮಾಸ್ಟರ ಹೆಂಡತಿಗೆ ಅದನ್ನು ಎರಡು ಸಲ ಹೇಳಿದಳು ಕೂಡ.

ದಡ ಸೇರಿದ ತಂಗಿ ಹತ್ತು ನಿಮಿಷ ಉಸಿರು ಬಿಡದೆ ಮಾತಾಡಿದಳು. ಯಾವ ಅಲೆ ಎಷ್ಟೆತ್ತರ ಎದ್ದಿತು, ಕೊನೆಯ ಬಂಡೆಯ ಹತ್ತಿರ ತಾನು ಹೇಗೆ ಚೆಂಡಿನ ಹಾಗೆ ಹಾರಿಬಿದ್ದೆ, ನೀರೊಳಗೆ ಎಷ್ಟು ಹಸಿರಾಗಿ ಕಾಣುತ್ತದೆ. ಅಂಗಡಿಯಲ್ಲಿ ಒಂದು ವರ್ಷದಲ್ಲಿ ಆಡುವಷ್ಟು ಮಾತು. ನಡುವೆ ಬಾಯಿ ಹಾಕಲು ಟೇಪಕ್ಕನಿಗೆ ಎಡೆಯೇ ಸಿಗಲಿಲ್ಲ, ಸಿಗಲೆಂದು ಅನಿಸಲೂ ಇಲ್ಲ. ಕೊನೆಗೆ ತಂಗಿ ಹೆಲ್ಮೆಟ್ಟು ಕಳಚಿ, ಕೂದಲು ಹಿಂಡಿಕೊಳ್ಳುತ್ತಾ, "ಇನ್ನೂ ಮೂರು ದಿನ ಇರ್ತೀವಿ ಅಂತ ಗೈಡಮ್ಮಂಗೆ ಹೇಳ್ಬಿಟ್ಟೆ. ನಾಳೆ, ನಾಡಿದ್ದು ಮಡುವಿನಲ್ಲಿ ನಿಂಗೆ ನಾನೇ ಕಲಿಸ್ತೀನಿ. ಆಚೆ ನಾಡಿದ್ದು ಇಬ್ರೂ ಮೇಲಿಂದ ಬರೋದು. ನಾನು ಮುಂದೆ, ನೀನು ನನ್ನ ಹಿಂದೆ" ಎಂದಳು.

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ?"

"ಇಲ್ಲ" ಎಂದಳು ತಂಗಿ, ಶೂ ಬಿಚ್ಚಿ ನೀರು ಚೆಲ್ಲುತ್ತಾ, ತಲೆ ಎತ್ತದೆ.

ಟೇಪಕ್ಕ ಒದ್ದೆ ಚಪ್ಪಲಿಯಲ್ಲಿ ನಿಂತು ಒಂದು ಗಳಿಗೆ ಯೋಚಿಸಿದಳು. ಆಮೇಲೆ, ಬೆಳಗ್ಗೆ ಎಷ್ಟು ಗಂಟೆಗೆ ಏಳಬೇಕು ಎಂದು ತಂಗಿಯನ್ನು ಕೇಳಿದಳು.