ಮೂವತ್ತೊಂದು ದೂರು

ನನ್ನ ಓರಗಿತ್ತಿಯನ್ನು ಕಂಡರೆ ನನಗಾಗುವುದಿಲ್ಲ. ಸುತ್ತಿ ಬಳಸಿ ಹೇಳಿ ಏನು ಪ್ರಯೋಜನ? ಮೈದುನನ ಕೈಹಿಡಿದು ಮನೆಗೆ ಬಂದಳು. ಮರುವರ್ಷ ನಾನಿದ್ದ ನೀರು ಸರಬರಾಜು ಕಚೇರಿಯ ನಕ್ಷೆ ವಿಭಾಗಕ್ಕೂ ಬಂದಳು. ಅಲ್ಲಿ ನಾವು ಬಳಸುವುದು ಯಾರು ಬೇಕಾದರೂ ಪುಕ್ಕಟೆ ಬಳಸಿ, ತಿದ್ದಿ, ಹಂಚಬಹುದಾದ ನಕ್ಷೆ ತಂತ್ರಾಂಶ. ಅದರ ಅಆಇಈ ಅವಳಿಗೆ ಕಲಿಸಿದವಳು ನಾನು. ಎರಡೇ ವರ್ಷಕ್ಕೆ ಅದಕ್ಕೆ ತನ್ನದೇ ಒಂದು ಉಪಕರಣ ಬರೆದು ಸೇರಿಸಿದಳು. ಪೈಪು ಒಡೆದ ಜಾಗವನ್ನು ನಕ್ಷೆಯಲ್ಲಿ ಒತ್ತಿದರೆ ಸಾಕು, ಯಾವ ವಾಲ್ವ್ ಮುಚ್ಚಬೇಕು, ಯಾವ ಮನೆಗಳಿಗೆ ನೀರು ನಿಲ್ಲುತ್ತದೆ, ಎಲ್ಲ ಕಣ್ಮುಂದೆ. ಹನ್ನೆರಡು ವರ್ಷದಿಂದ ನನ್ನ ತಲೆಯಲ್ಲಿ ಕೊಳೆಯುತ್ತಿದ್ದ ಯೋಚನೆ ಅದು.

"ನೋಡೇ, ಚಿಕ್ಕವಳ ತಲೆ ಎಷ್ಟು ಚುರುಕು!" ಎಂದು ಅತ್ತೆ ನನ್ನೆದುರಿಗೇ ಹೇಳಿದಾಗ ಹೊಟ್ಟೆಗೆ ಬೆಂಕಿ ಬಿತ್ತು. ನಗುತ್ತಾ ಹೂಂಗುಟ್ಟಿದೆ.

ಮುಖ್ಯ ಎಂಜಿನಿಯರ್ ಆರು ತಿಂಗಳ ಗಡುವು ಕೊಟ್ಟರು. ಉಪಕರಣ ಪರೀಕ್ಷೆಯಲ್ಲಿ ಗೆದ್ದರೆ ನಕ್ಷೆ ವಿಭಾಗವೇ ಅವಳ ಕೈಗೆ. ಅಂದರೆ ನಾನು ಅವಳ ಕೈಕೆಳಗೆ. ಸತ್ತರೂ ಅದು ಆಗಕೂಡದು.

ಇಂಥ ತಂತ್ರಾಂಶಗಳಿಗೆ ಒಂದು ಬಹಿರಂಗ ದೂರುಪುಟ ಇರುತ್ತದೆ; ಯಾರು ಬೇಕಾದರೂ ತಪ್ಪು ತೋರಿಸಬಹುದು. 'ಹದ್ದಿನಕಣ್ಣು' ಎಂದು ಹೆಸರಿಟ್ಟುಕೊಂಡು ಶುರುಮಾಡಿದೆ. ಎರಡು ಪೈಪು ಒಂದರ ಮೇಲೊಂದು ಹಾದುಹೋದರೂ ಸಾಕು, ಸೇರಿಕೊಂಡಿವೆ ಎನ್ನುತ್ತದೆ ನಿಮ್ಮ ಉಪಕರಣ. ದಿಬ್ಬದ ಮನೆಗೂ ತಗ್ಗಿನ ಮನೆಗೂ ವ್ಯತ್ಯಾಸ ಅದಕ್ಕೆ ಗೊತ್ತಿಲ್ಲ. ತುಕ್ಕು ಹಿಡಿದು ತಿರುಗದ ವಾಲ್ವನ್ನೂ ಮುಚ್ಚಿ ಎನ್ನುತ್ತದೆ; ಬರೆದವರು ವಾಲ್ವನ್ನು ಕಣ್ಣಾರೆ ಕಂಡಿದ್ದಾರೆಯೇ? ಪ್ರತಿ ದೂರಿಗೂ ಸಾಕ್ಷಿಯಾಗಿ ನನ್ನ ನಕ್ಷೆಯ ಕಡತವನ್ನೂ ಲಗತ್ತಿಸಿದೆ. ಒಟ್ಟು ಮೂವತ್ತೊಂದು ದೂರು. ಎಲ್ಲಕ್ಕೂ ಎರಡು ದಿನದೊಳಗೆ ಒಂದೇ ಉತ್ತರ: "ಸರಿಯಾಗಿ ಹಿಡಿದಿರಿ. ತಿದ್ದಿದ್ದೇನೆ. ಧನ್ಯವಾದ." ಆ ವಿನಯ ಕಂಡೇ ಮೈಯೆಲ್ಲ ಉರಿಯುತ್ತಿತ್ತು.

ದೂರುಗಳ ಸುದ್ದಿಯನ್ನು ಅವಳೇ ಮನೆಯಲ್ಲೂ ಹೇಳಿದ್ದಳು. ಊಟಕ್ಕೆ ಕೂತಾಗ ಅತ್ತೆ ಕೇಳಿದರು, "ಅದ್ಯಾರೇ ಅದು, ನಿನ್ನ ಕೆಲಸದಲ್ಲಿ ದಿನಾ ಮೊಸರಲ್ಲಿ ಕಲ್ಲು ಹುಡುಕೋರು?"

"ಯಾರೋ ಅತ್ತೆ. ತುಂಬಾ ತಿಳಿದೋರು," ಎನ್ನುತ್ತಾ ಅವಳು ನನ್ನ ತಟ್ಟೆಗೆ ಇನ್ನಷ್ಟು ಬಡಿಸಿದಳು. ಪೆದ್ದಿ, ಎಂದುಕೊಂಡು ಉಂಡೆ.

ಪರೀಕ್ಷೆಯ ದಿನ ಎಂಜಿನಿಯರ್ ಬೇಕೆಂದೇ ತೊಡಕಿನ ಜಾಗಗಳನ್ನು ಒತ್ತಿದರು. ಮೂರು ಪೈಪು ಒಂದರ ಮೇಲೊಂದು ಹಾಯುವ ಅಡ್ಡರಸ್ತೆ, ದಿಬ್ಬದ ಬಡಾವಣೆ, ತುಕ್ಕು ಹಿಡಿದ ವಾಲ್ವುಗಳ ಹಳೇ ಓಣಿ. ಒಂದೂ ತಪ್ಪಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಬೇಕಾಯಿತು.

ಹೊರಗೆ ಮೆಟ್ಟಿಲ ಹತ್ತಿರ ಅವಳು ಮೆಲ್ಲಗೆ ಹೇಳಿದಳು, "ಅಕ್ಕಾ, ಇನ್ಮೇಲೆ ಕಡತ ಲಗತ್ತಿಸೋವಾಗ ಫೋಲ್ಡರ್ ಹೆಸರು ಒಂಚೂರು ನೋಡ್ಕೊಳಿ."

ನಕ್ಷೆಯ ಒಂದೊಂದು ಪದರವೂ ಯಾವ ಫೋಲ್ಡರಿನಿಂದ ಬಂತು ಎಂದು ಕಡತ ತಾನೇ ಬರೆದಿಟ್ಟುಕೊಳ್ಳುತ್ತದೆ. ನನ್ನ ಫೋಲ್ಡರಿಗೆ ಇಟ್ಟಿದ್ದ ಹೆಸರು 'ಗುಂಡುಮಣಿ', ಮನೆಯವರು ಮಾತ್ರ ನನ್ನ ಮಗಳನ್ನು ಕರೆಯುವ ಹೆಸರು. ಕಡತದ ಈ ಬುದ್ಧಿಯನ್ನು ಮೊದಲ ಪಾಠದಲ್ಲೇ ಅವಳಿಗೆ ಹೇಳಿಕೊಟ್ಟವಳೂ ನಾನೇ.

"ಯಾವಾಗ ಗೊತ್ತಾಯ್ತು?"

"ಮೊದಲನೇ ದೂರಲ್ಲೇ."

"ಮತ್ತೆ ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀವು ನಿಲ್ಲಿಸಿಬಿಡ್ತಿದ್ರಲ್ಲ ಅಕ್ಕಾ," ಎಂದು ನಕ್ಕಳು.

ಮನೆಗೆ ಬಂದವಳೇ ಚಪ್ಪಲಿ ಕೂಡ ಬಿಚ್ಚದೆ ಉಪಕರಣದ ಹೊಸ ಆವೃತ್ತಿ ತೆರೆದು ಕೂತೆ. ಒಂದಾದರೂ ಹುಳುಕು ಸಿಗಲೇಬೇಕು. ಊರಿನ ಮೂಲೆಮೂಲೆ ಒತ್ತಿ ನೋಡಿದೆ. ಒಂದೂ ಸಿಗಲಿಲ್ಲ. ಇದ್ದ ಹುಳುಕನ್ನೆಲ್ಲ ನಾನೇ ಹುಡುಕಿಕೊಟ್ಟಿದ್ದೆ.