ಧೂಳು ಕಮ್ಮಿ ಇರೋದು ಕೊಡಿ

ಕಾರಿನ ಮುಂದಿನ ಎರಡು ಚಕ್ರಗಳಿಗೆ ಮಾತ್ರ ಮಸಿ, ಹಿಂದಿನವು ಭಾನುವಾರ ತೊಳೆದ ಹಾಗೇ ಇವೆ, ಬೆರಳಿಗೆ ಎಣ್ಣೆಯಂತೆ ಹತ್ತುವ ಸಣ್ಣ ಪುಡಿ ಇದು, ಅದರ ಮೇಲೆ ಮೊನ್ನೆ ಪ್ರಿಯಾಂಕಾ ತೋರುಬೆರಳಿನಲ್ಲಿ ತನ್ನ ಹೆಸರು ಬರೆದಿದ್ದಳು, ಯುಕೆಜಿಯ ಸೊಟ್ಟ ಅಕ್ಷರ, ಆ ಬೆರಳು ಬಾಯಿಗೆ ಹೋಗುವಷ್ಟರಲ್ಲಿ ದಿವ್ಯ ಮಗಳ ಕೈ ಹಿಡಿದೆಳೆದು ನಲ್ಲಿಯ ಕೆಳಗೆ ಒಡ್ಡಿ ಉಜ್ಜಿ ಉಜ್ಜಿ, ಮಗು ಅತ್ತಿತ್ತು, ಬರೀ ಕೊಳೆ ಅಮ್ಮ ಅಂದಿತ್ತು. ಬರೀ ಕೊಳೆ. ಸುದ್ದಗುಂಟೆಪಾಳ್ಯದ ಸ್ಪೇರ್ ಪಾರ್ಟ್ಸ್ ಅಂಗಡಿಯ ಮುಂದೆ ನಿಂತು ದಿವ್ಯ ಆ ಚಕ್ರವನ್ನೇ ನೋಡುತ್ತಿದ್ದಾಳೆ, ಕಾರಿನ ಮುಂದಿನ ಸೀಟಿನಲ್ಲಿ ಅಪ್ಪ ಕಿಟಕಿ ಇಳಿಸಿಕೊಂಡು ಕೂತಿದ್ದಾರೆ, ಆಸ್ಪತ್ರೆಯಿಂದ ಬರುವಾಗ ಬ್ರೇಕು ಕಿರ್ರೆಂದದ್ದು ಅವರಿಗೆ ಅವಳಿಗಿಂತ ಮೊದಲೇ ಕೇಳಿಸಿತ್ತು, ಪ್ಯಾಡ್ ಮುಗಿದೋಗಿದೆ, ಇವತ್ತೇ ಹಾಕ್ಸಿಬಿಡು ಅಂದಿದ್ದರು, ಉಸಿರಿಗೆ ಮೂರು ಸಲ ನಿಂತು ಹೇಳಿದ ಮಾತು ಅದು. ಅಂಗಡಿಯ ದೇವದಾಸ್ ಗಾಜಿನ ಮೇಲೆ ಮೂರು ಡಬ್ಬ ಇಟ್ಟ, ಇದು ಮೆತ್ತಗಿರುತ್ತೆ ಮೇಡಂ, ಸಖತ್ತಾಗಿ ಹಿಡಿಯುತ್ತೆ, ಆದ್ರೆ ಪುಡಿ ಜಾಸ್ತಿ, ಇದು ಗಟ್ಟಿ, ಬಾಳಿಕೆ ಬರುತ್ತೆ, ಬೆಳಬೆಳಗ್ಗೆ ಕೀಂಯ್ ಅನ್ನುತ್ತೆ, ಇದು ಹೊಸದಾಗಿ ಬಂದಿರೋದು, ಡಸ್ಟ್ ಕಮ್ಮಿ — ಕಮ್ಮಿ ಅಂದ್ರೆ ಎಷ್ಟು ಕಮ್ಮಿ, ಬರೋದೇ ಇಲ್ಲ ಅನ್ನೋದು ಇಲ್ವಾ — ಅವನು ನಕ್ಕ, ಬ್ರೇಕ್ ಅಂದ್ಮೇಲೆ ಸವೀಲೇಬೇಕಲ್ವಾ ಮೇಡಂ, ಸವೆದಿದ್ದು ಎಲ್ಲಿಗಾದ್ರೂ ಹೋಗ್ಬೇಕಲ್ಲ.

ಎಲ್ಲಿಗಾದರೂ ಹೋಗಬೇಕು, ಅಪ್ಪನ ಎದೆಗೆ ಹೋಯಿತು. ಹೊಲವೆಲ್ಲ ಲೇಔಟಿಗೆ ಹೋಗಿ ಉಳಿದ ಒಂದು ತುಂಡಿನಲ್ಲಿ ಶೆಡ್ಡು ಹಾಕಿ, ಇಪ್ಪತ್ತೆರಡು ವರ್ಷ ಲಾರಿಗಳ ಬ್ರೇಕ್ ಶೂಗಳಿಗೆ ಹೊಸ ಲೈನರ್ ಕೂರಿಸಿ, ರಿವೆಟ್ ಹೊಡೆದು, ಗ್ರೈಂಡರಿಗೆ ಹಿಡಿದು ನುಣುಪು ಮಾಡಿದ ಬೈರಣ್ಣ, ಮೂಗಿಗೆ ಒಂದು ಕರ್ಚೀಫನ್ನೂ ಕಟ್ಟಿದವರಲ್ಲ, ಕಟ್ಟಬೇಕೆಂದು ಹೇಳಿದವರೂ ಇಲ್ಲ, ಆ ಲೈನರಿನಲ್ಲಿ ಕಲ್ನಾರು, ಅದೇ ಆಸ್ಬೆಸ್ಟಾಸ್, ಇತ್ತಂತೆ, ಒಳಗೆ ಹೋದರೆ ಕರಗುವುದಿಲ್ಲವಂತೆ, ಮೂವತ್ತು ವರ್ಷವಾದರೂ ಹೋದಲ್ಲೇ ಕೂತಿರುತ್ತದಂತೆ — ಇದೆಲ್ಲ ಹೋದ ವರ್ಷವೇ ಗೊತ್ತಾಗಿತ್ತು, ಇವತ್ತು ಗೊತ್ತಾದದ್ದು ಬೇರೆ. ಇವತ್ತು ಡಾಕ್ಟರು ಅಪ್ಪನನ್ನು ತೂಕ ನೋಡಲು ಆಚೆ ಕಳಿಸಿದರು, ಆರು ತಿಂಗಳಮ್ಮ, ಅದಕ್ಕಿಂತ ಜಾಸ್ತಿ ನಾನು ಹೇಳಲಾರೆ, ಅವಳು ತಲೆಯಾಡಿಸಿದಳು, ಅದಕ್ಕೆ ಅವಳು ತಯಾರಾಗೇ ಹೋಗಿದ್ದಳು, ಆಮೇಲೆ ಅವರು ಪೆನ್ನಿನ ಮುಚ್ಚಳ ಹಾಕುತ್ತಾ ಕೇಳಿದರು, ಇವರ ಬಟ್ಟೆ ಮನೇಲಿ ಯಾರು ಒಗೀತಿದ್ರು. ಯಾರು ಒಗೀತಿದ್ದರು ಎಂದರೆ ಅಮ್ಮ, ಇನ್ಯಾರು, ಶೆಡ್ಡಿಗೆ ಕಾಲೇ ಇಡದ ಮರಿಯಮ್ಮ, ಸಂಜೆ ಆರಕ್ಕೆ ಅಪ್ಪ ಕಳಚಿ ಕೊಟ್ಟ ಅಂಗಿಯನ್ನು ಹಿತ್ತಲಿಗೆ ಒಯ್ದು ಎರಡೂ ತೋಳು ಹಿಡಿದು ಪಟ್ ಪಟ್ ಎಂದು ಕೊಡವುತ್ತಾಳೆ, ಬೂದು ಹಿಟ್ಟು ಇಳಿಬಿಸಿಲಿಗೆ ಎದ್ದು ಹೊಳೆಯುತ್ತದೆ, ಅದರ ಕೆಳಗೆ ನಿಂತು ಏಳು ವರ್ಷದ ದಿವ್ಯ ಕೈಯೆತ್ತಿ ಗಿರಗಿರ ತಿರುಗುತ್ತಾಳೆ, ಸರಿಯೇ ಅತ್ಲಾಗೆ, ತಲೆಗೆಲ್ಲ ಬೀಳ್ತದೆ, ಬೈಯುತ್ತಾ ಅಮ್ಮ ನಗುತ್ತಾಳೆ, ನಗುತ್ತಾ ಕೆಮ್ಮುತ್ತಾಳೆ — ಇಲ್ಲ, ಆಗ ಕೆಮ್ಮು ಇರಲಿಲ್ಲ, ಕೆಮ್ಮು ಬಂದದ್ದು ತೊಂಬತ್ತೇಳರಲ್ಲಿ, ಟೀಬಿ ಎಂದು ಒಂಬತ್ತು ತಿಂಗಳು ಮಾತ್ರೆ ನುಂಗಿಸಿದರು, ಎದೆಯಿಂದ ನೀರು ತೆಗೆದಷ್ಟೂ ತುಂಬುತ್ತಿತ್ತು, ಅಮ್ಮ ಸಾಯುವವರೆಗೂ ಅವಳ ತಟ್ಟೆ ಲೋಟ ಬೇರೆ ಇಟ್ಟಿದ್ದೆವು, ಯಾಕೆ ಇಟ್ಟೆವು, ಅದು ಅಂಟುವ ರೋಗವೇ ಆಗಿರಲಿಲ್ಲವಲ್ಲ. ಡಾಕ್ಟರು ಎಲ್ಲ ಕೇಳಿಕೊಂಡರು, ನಿಮ್ಮ ತಾಯಿಗೂ ಆಗ ಇದೇ ಇದ್ದಿರಬಹುದು, ಈಗ ಹೇಳೋಕಾಗಲ್ಲ, ನೀವೂ ಒಂದ್ಸಲ ಎಕ್ಸ್-ರೇ ತೆಗೆಸಿಕೊಂಡುಬಿಡಿ. ಅವಳ ಬ್ಯಾಗಿನಲ್ಲಿದೆ ಆ ಚೀಟಿ, ಮಡಿಚಿ ಮಡಿಚಿ ಬಸ್ ಟಿಕೆಟ್ಟಿನಷ್ಟು ಮಾಡಿದ್ದಾಳೆ, ಪ್ರಿಯಾಂಕಾಗೆ ಈಗ ಐದು ವರ್ಷ, ತನಗೂ ಬರುವುದಾದರೆ ಆ ಹೊತ್ತಿಗೆ ಅದರ ಮೇಲೆ ಇನ್ನೆಷ್ಟು ಕೂಡಬೇಕು, ಲೆಕ್ಕ ಹಾಕಬಾರದು, ಯಾವುದು ಮೇಡಂ, ಮೂರನೇದು ಕೊಡ್ಲಾ, ದೇವದಾಸ್ ಕೇಳುತ್ತಲೇ ಇದ್ದಾನೆ.

ಕಾರಿನ ಬಾಗಿಲು ತೆರೆದ ಸದ್ದು. ಬೇಡ ಅಪ್ಪ, ನೀವು ಇಳೀಬೇಡಿ ಎನ್ನುವಷ್ಟರಲ್ಲಿ ಅವರು ಇಳಿದು, ಬಾನೆಟ್ಟಿಗೆ ಕೈಯೂರಿ, ಎರಡು ಹೆಜ್ಜೆಗೊಮ್ಮೆ ನಿಂತು ನಿಂತು ಬಂದು ಚಕ್ರದ ಮುಂದೆ ಬಗ್ಗಿದ್ದಾರೆ, ಬೈರಣ್ಣೋರೇ, ಬನ್ನಿ ಒಳಗೆ ಕೂತ್ಕೊಳಿ, ದೇವದಾಸ್ ಸ್ಟೂಲು ಎಳೆದ, ಅವರಿಗೆ ಕೇಳಿಸಲೇ ಇಲ್ಲ, ಅಂಗೈಯನ್ನು ಚಕ್ರದ ಮೇಲಿಂದ ಒಂದು ಸುತ್ತು ಎಳೆದು ಮೂಗಿನ ಹತ್ತಿರ ತಂದು, ಅಯ್ಯೋ ಅಪ್ಪ, ಮೂಸಿಯೇಬಿಟ್ಟರು, ಡೂಪ್ಲಿಕೇಟ್ ಮಾಲು ಕಣಮ್ಮ ಇದು, ವಾಸ್ನೇನೇ ಹೇಳ್ತದೆ, ಹಿಂದಿನ ಸಲ ಯಾರೋ ನಿಂಗೆ ಟೋಪಿ ಹಾಕವ್ರೆ — ಆ ಒಂದು ಕ್ಷಣ ಅವರ ದನಿಯಲ್ಲಿ ಶೆಡ್ಡಿನ ಬೈರಣ್ಣ, ಊರಿನ ಲಾರಿಯವರೆಲ್ಲ ಅಣ್ಣ ಅಣ್ಣ ಎಂದು ಕಾಯುತ್ತಿದ್ದ ಬೈರಣ್ಣ. ಗಾಜಿನ ಮೇಲಿನ ಮೂರನ್ನೂ ನೋಡಿದರು, ಉಗುರಿನಿಂದ ಗೀರಿದರು, ಮೂರನೆಯದನ್ನು ಅವಳ ಕಡೆ ತಳ್ಳಿದರು, ಇದೇ ಹಾಕ್ಸು, ಮಗು ಓಡಾಡೋ ಗಾಡಿ. ಮತ್ತೆ ಅದೇ ಉಸಿರಿನಲ್ಲಿ, ತಿರುಗದೆಯೇ, ಡಾಕ್ಟ್ರು ನನ್ನ ಆಚೆ ಕಳಿಸಿ ನಿನ್ನ ಏನ್ ಕೇಳಿದ್ರು. ದಾರಿಯುದ್ದಕ್ಕೂ ಕಟ್ಟಿಟ್ಟುಕೊಂಡಿದ್ದಳು, ಮಾತ್ರೆ ಬದಲಾಯಿಸಿದ್ದಾರೆ, ಊಟದ ವಿಷಯ, ಮುಂದಿನ ತಿಂಗಳು ಬರಹೇಳಿದ್ದಾರೆ, ಸುಳ್ಳುಗಳೆಲ್ಲ ನಾಲಿಗೆಯ ತುದಿಯಲ್ಲೇ ಇದ್ದವು, ಆದರೆ ಬಂದದ್ದು ಇದು, ನಿಮ್ಮ ಬಟ್ಟೆ ಮನೇಲಿ ಯಾರು ಒಗೀತಿದ್ರು ಅಂತ, ಅಪ್ಪ. ನಿಮ್ಮಮ್ಮ ಒಗೀತಿದ್ಲು, ಅವರು ಸಲೀಸಾಗಿ ಹೇಳಿದರು, ಹೇಳುತ್ತಲೇ ಮಸಿಯಾದ ಅಂಗೈಯನ್ನು ಅಂಗಿಗೆ ಒರೆಸಿಕೊಳ್ಳಲು ಒಯ್ದರು, ಅಂಗಿಗೆ ನಾಲ್ಕು ಬೆರಳು ದೂರದಲ್ಲಿ ಕೈ ನಿಂತಿತು. ಮೇಡಂ, ಮೂರನೇದೇ ಪ್ಯಾಕ್ ಮಾಡ್ಲಾ. ಕೈ ಅಲ್ಲೇ ಇದೆ, ಹಿಂದಕ್ಕೂ ಹೋಗುತ್ತಿಲ್ಲ, ಬಟ್ಟೆಗೂ ತಾಗುತ್ತಿಲ್ಲ, ಅಪ್ಪ ಅದನ್ನೇ ನೋಡುತ್ತಿದ್ದಾರೆ, ಯಾರದೋ ಕೈಯೆಂಬಂತೆ, ಬೆರಳುಗಳನ್ನು ಅಗಲಿಸಿ, ಕಪ್ಪಗೆ, ಇಡಲು ಎಲ್ಲೂ ಜಾಗವಿಲ್ಲದ ಕೈ —