ನೂರಕ್ಕೆ ಕುದಿಯದ ನೀರು

2025ರ ಜನವರಿ 18, ಶನಿವಾರ, ಮಧ್ಯಾಹ್ನ ಮೂರು ಗಂಟೆ ಇಪ್ಪತ್ತು ನಿಮಿಷ. ವಿಜಯಪುರದ ಅಥಣಿ ರಸ್ತೆಯ ಪಿಯು ಕಾಲೇಜೊಂದರ ಪ್ರಯೋಗಾಲಯದಲ್ಲಿ ಭೌತಶಾಸ್ತ್ರದ ಸತೀಶಕುಮಾರ ಸರ್ ಧನಶ್ರೀಯ ಉತ್ತರಪತ್ರಿಕೆಯನ್ನು ಎರಡೇ ಬೆರಳಲ್ಲಿ ಎತ್ತಿ ಹಿಡಿದಿದ್ದರು.

"ಏನವಾ, ಊರೆಲ್ಲಾ ನೂರಕ್ಕ ಕುದಿಯೂ ನೀರು ನಿಮ್ಮ ತಿಕೋಟಾದಾಗ ಅವಸರ ಮಾಡತೈತೇನ?"

ಹುಡುಗರು ನಕ್ಕರು. ಅದು ಮನೆಯಲ್ಲೇ ಮಾಡಿ ತರುವ ಸ್ಪರ್ಧೆ. ಯಾರನ್ನೂ ಕೇಳದೆ ನೀರು ಎಷ್ಟಕ್ಕೆ ಕುದಿಯುತ್ತದೆಂದು ಅಳೆದು, 'ನಾನೇ ಅಳೆದದ್ದು' ಎಂದು ಸಹಿ ಹಾಕಬೇಕು. ಅದಕ್ಕೆಂದೇ ಪ್ರತಿಯೊಬ್ಬರಿಗೂ ಡಿಜಿಟಲ್ ಥರ್ಮಾಮೀಟರ್ ಕೊಟ್ಟಿದ್ದರು. ಐದು ಗಂಟೆಯೊಳಗೆ ಸರ್ ಪತ್ರಿಕೆ ಕಳಿಸದಿದ್ದರೆ ರಾಜ್ಯಮಟ್ಟದ ಸುತ್ತು ಅವಳ ಕೈತಪ್ಪುತ್ತಿತ್ತು.

"ನಮ್ಮ ಜಿಲ್ಲಾ ಸಮುದ್ರಮಟ್ಟಕ್ಕಿಂತ ಎತ್ತರದಾಗ ಐತ್ರಿ ಸರ್. ಗಾಳಿ ಒತ್ತಡ ಕಡಿಮಿ. ನೀವ ಕಲಿಸೀರಿ."

"ಅದು ಪಾಠ. ಇದು ಕಾಂಪಿಟೇಶನ್. ಬಬಲೇಶ್ವರದ ಹೇಮಂತನ್ನ ನೋಡು, ಮೂರು ಸಲಾನೂ ನೂರು. ಅದನ್ನ ನೋಡಿ ತಿದ್ದಿ ಬರಿ."

ಹೇಮಂತನ ಥರ್ಮಾಮೀಟರ್ ಅವನ ಬ್ಯಾಗಿನ ಮೇಲೇ ಇತ್ತು. ಅದರ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹರಿದಿರಲಿಲ್ಲ. ಧನಶ್ರೀ ಅದನ್ನು ಎತ್ತಿಕೊಂಡಳು.

"ಇದನ್ನ ಬಿಚ್ಚದನ ಮೂರು ಸಲ ಹ್ಯಾಂಗ ಅಳದ್ಯೋ?"

"ನೂರಂತ ಎಲ್ಲಾರಿಗೂ ಗೊತ್ತೈತಿ," ಎಂದ ಹೇಮಂತ. "ಸುಮ್ಮ ಗ್ಯಾಸ್ ಯಾಕ ಸುಡಬೇಕು?"

ಅವಳು ಆ ಹೊದಿಕೆ ಹರಿದಳು. ಬರ್ನರ್ ಹಚ್ಚಿ, ಬೀಕರಿನಲ್ಲಿ ನೀರಿಟ್ಟು, ಅವನ ಥರ್ಮಾಮೀಟರನ್ನೇ ಅದ್ದಿದಳು. ನೀರು ಕೊತಕೊತ ಕುದಿಯಿತು. ಅಂಕಿ ತೊಂಬತ್ತೆಂಟರ ಹತ್ತಿರ ನಿಂತದ್ದು ಮೇಲೇರಲೇ ಇಲ್ಲ. ಹುಡುಗರ ನಗು ನಿಂತಿತು.

ಸರ್ ಬಗ್ಗಿ ನೋಡಿದರು. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

"ಇದೂ ಕೆಟ್ಟೈತಿ," ಎಂದವರೇ ಕೆಂಪು ಪೆನ್ನಿನಿಂದ ಅವಳ ಅಂಕಿಯನ್ನು ಹೊಡೆದುಹಾಕಿ, ತಾವೇ 100 ಎಂದು ಬರೆದರು. "ನಿನ್ನ ಚಲೋದಕ್ಕ ಮಾಡಾಕತ್ತೇನಿ. ಮಾರ್ಕ್ಸ್ ಕೊಡಾವ್ರು ಉತ್ತರ ನೋಡ್ತಾರ, ನಿಮ್ಮ ಮನಿ ಒಲಿ ನೋಡಾಕ ಬರೂದಿಲ್ಲ."

ಆ ಕೆಂಪು ನೂರರ ಕೆಳಗೆ ಇದ್ದದ್ದು ಅವಳ ಸಹಿ. ಅವಳು ಪತ್ರಿಕೆಯನ್ನು ಕಿತ್ತುಕೊಂಡಳು. ಅದರ ಮೇಲೆ ಬರೆಯುವಾಗ ಸಿಟ್ಟಿನಲ್ಲಿ ಅವಳ ಪೆನ್ನಿನ ಮೊನೆ ಹಾಳೆ ಹರಿಯುವಷ್ಟು ಒತ್ತಿತು.

"ಮುಂದಿನ ಸುತ್ತು ಬ್ಯಾಡೇನ ನಿನಗ?"

"ಬೇಕ್ರಿ. ಕಳಸೂದಿದ್ರ ಹಿಂಗ ಕಳಸ್ರಿ. ಇಲ್ಲಂದ್ರ ನನ್ನ ಮುಂದ ಹರದ ಬಿಡ್ರಿ."

ಅವಳು ಪತ್ರಿಕೆಯನ್ನು ಸರ್ ಕೈಗಿಟ್ಟು ಅಲ್ಲೇ ನಿಂತಳು. ಕೆಂಪು ಅಂಕಿಯ ಕೆಳಗೆ ನೀಲಿ ಶಾಯಿಯಲ್ಲಿ ಎರಡೇ ಸಾಲು: ಮೇಲಿನ ಅಂಕಿ ನನ್ನದಲ್ಲ. ನಾನು ಅಳೆದದ್ದು 98.1 ಡಿಗ್ರಿ ಸೆಲ್ಸಿಯಸ್.